ಕೈಗೆ ಸಿಗದ ಒಂದು ಸ್ಕ್ರೂ



ಕಳೆದ ತಿಂಗಳು ಅಪ್ಪನ ಹಳೆಯ ಕಾರಿನ ಹೆಡ್‌ಲೈಟ್ ಬದಲಿಸಲು ಕುಳಿತೆ. ಅದರ ಬೋಲ್ಟುಗಳಿಗೆ ಕೈ ಹೋಗಬೇಕಾದರೆ ಮುಂದಿನ ಬಂಪರ್ ಕಳಚಲೇಬೇಕು. ಬಾನೆಟ್ ಎತ್ತಿ ಮೇಲಿನ ಕ್ಲಿಪ್‌ಗಳನ್ನು ತೆಗೆದೆ. ನೆಲದ ಮೇಲೆ ಮಲಗಿ ಕೆಳಗಿನವನ್ನೂ ಬಿಚ್ಚಿದೆ. ಕಣ್ಣಿಗೆ ಕಂಡದ್ದೆಲ್ಲ ಮುಗಿಯಿತು, ಬಂಪರ್ ಮಾತ್ರ ಬರಲಿಲ್ಲ. ಒಂದು ಗಂಟೆ ಒದ್ದಾಡಿ, ಸಿಟ್ಟು ಬಂದು ಎಡಮೂಲೆ ಹಿಡಿದು ಎಳೆದೆ. ಟಪ್ ಎಂದಿತು. ಬಂಪರಿನ ಕೊಕ್ಕೆಯೊಂದು ಮುರಿದಿತ್ತು.

ಬಾಗಲೂರು ರಸ್ತೆಯಲ್ಲಿ ಕೆಲಸ ಮಾಡುವ ಮೆಕ್ಯಾನಿಕ್ ಅಣ್ಣನನ್ನು ಕರೆದೆ. ಅವರು ನೋಡಿ, "ಬರ್ತಾ ಇಲ್ಲ ಅಂದ್ರೆ ಇನ್ನೂ ಏನೋ ಹಿಡ್ಕೊಂಡಿದೆ ಅಂತ ಅರ್ಥ ತಮ್ಮಾ. ಎಳೀಬಾರ್ದು, ಹುಡುಕ್ಬೇಕು" ಎಂದರು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಒಳಗಿನ ಪ್ಲಾಸ್ಟಿಕ್ ಹೊದಿಕೆ ಸರಿಸಿ ಕೈ ಹಾಕಿದರು. ಬಂಪರ್ ಫೆಂಡರ್‌ಗೆ ಸೇರುವ ಮೂಲೆಯಲ್ಲಿ, ಕೆಸರು ಮೆತ್ತಿ ತುಕ್ಕು ಹಿಡಿದ ಒಂದು ಸ್ಕ್ರೂ ಇತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹತ್ತು ನಿಮಿಷ ಕಾದರು. ಅದು ಸಡಿಲವಾದ ಮೇಲೆ ಬಂಪರ್ ಸುಲಭವಾಗಿ ಕೈಗೆ ಬಂತು.

ಮಾರ್ಕನ ಶುಭಸಂದೇಶದಲ್ಲಿ (10:17-22) ಒಬ್ಬ ಧನಿಕ ಯೇಸುಸ್ವಾಮಿಯ ಬಳಿ ಓಡಿಬರುತ್ತಾನೆ. ಚಿಕ್ಕಂದಿನಿಂದ ಎಲ್ಲ ಆಜ್ಞೆಗಳನ್ನೂ ಪಾಲಿಸಿದವನು. ಆದರೂ ಅವನನ್ನು ಒಂದು ಸಂಗತಿ ಹಿಡಿದಿಟ್ಟಿತ್ತು: ಅವನ ಆಸ್ತಿ. ಪ್ರಭು ಅವನನ್ನು ಎಳೆಯಲಿಲ್ಲ, ಗದರಲಿಲ್ಲ. ಪ್ರೀತಿಯಿಂದ ನೋಡಿ, ಕೊರತೆ ಎಲ್ಲಿದೆಯೆಂದು ತೋರಿಸಿದರು. ಅವನು ದುಃಖದಿಂದ ಹೊರಟಾಗಲೂ ಬಲವಂತ ಮಾಡಲಿಲ್ಲ.

ನನ್ನ ವಿಷಯವನ್ನೂ ಹೇಳಬೇಕು. ಕಳೆದ ಹಬ್ಬದ ಕಾರ್ಯಕ್ರಮದಲ್ಲಿ ಸಮಯ ಸಾಲದೆಂದು ನಮ್ಮ ಯುವಜನರ ಕನ್ನಡ ಗೀತೆಯನ್ನು ಕೈಬಿಟ್ಟರು. ಅದನ್ನು ನಿರ್ಧರಿಸಿದ ತಮಿಳು ಗೆಳೆಯನೊಂದಿಗೆ ಅಂದಿನಿಂದ ನಾನು ಮಾತು ಬಿಟ್ಟೆ. ಬಲಿಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವಾಗ ಬೇಕೆಂದೇ ಬೇರೆ ಕಡೆ ತಿರುಗುತ್ತಿದ್ದೆ. ಎರಡು ಸಲ ಪಾಪನಿವೇದನೆಗೆ ಹೋದೆ. ಸಿಟ್ಟು, ಸೋಮಾರಿತನ, ಜಪಸರ ತಪ್ಪಿಸಿದ್ದು, ಎಲ್ಲ ಹೇಳಿದೆ. ಇದನ್ನು ಹೇಳಲಿಲ್ಲ. ಇದು ಭಾಷೆಯ ಅಭಿಮಾನ, ಪಾಪವಲ್ಲ ಎಂದುಕೊಂಡಿದ್ದೆ. ನಮ್ಮ ಭಾಷೆಗೆ ಜಾಗ ಕೇಳುವುದು ತಪ್ಪಲ್ಲ, ಮುಂದೆಯೂ ಕೇಳುತ್ತೇನೆ. ಆದರೆ ಅದರ ಹಿಂದೆ ಅಡಗಿ ಕುಳಿತದ್ದು ದ್ವೇಷ. ಪ್ರಾರ್ಥನೆ ಏಕೆ ಒಣಗಿದೆಯೆಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಬಂಪರನ್ನು ಎಳೆದ ಹಾಗೆಯೇ.

ಕಳೆದ ಭಾನುವಾರ ಅವನ ಬಳಿ ಹೋಗಿ ಕೈಮುಗಿದೆ. ಮಾತು ಹೆಚ್ಚಾಗಲಿಲ್ಲ. ಅವನೂ ಕೈಮುಗಿದ.

ಈ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋಗುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಪ್ರತಿಸಲ ನಾನು ಹೇಳದೆ ಬಿಡುವುದು ಯಾವುದು? ಮಾತು ಬಿಟ್ಟ ಅಣ್ಣತಮ್ಮನೋ, ಹಿಂದಿರುಗಿಸದ ಸಾಲವೋ? ಗುಡಿಗೆ ಬಾರದ ಮಗನನ್ನು ಗದರುವ ತಂದೆತಾಯಿಯೂ ಅವನನ್ನು ಹಿಡಿದಿರುವುದೇನೆಂದು ಮೊದಲು ಕೇಳಲಿ. ತುಕ್ಕು ಒಮ್ಮೆಗೇ ಬಿಡುವುದಿಲ್ಲ, ಕಾಯಬೇಕಾದೀತು.

ಪ್ರಭುವೇ, ನಮ್ಮ ಕಣ್ಣಿಗೆ ಕಾಣದ್ದು ನಿಮಗೆ ಕಾಣುತ್ತದೆ. ಅದನ್ನು ತೋರಿಸಿರಿ, ಬಿಚ್ಚುವ ತಾಳ್ಮೆಯನ್ನೂ ಕೊಡಿರಿ. ಆಮೆನ್.