ಸಾರಿನ ಸಿದ್ಧಾಂತ

ಪದ್ಮನಾಭನಗರದಲ್ಲಿ ಬಾಡಿಗೆ ಮನೆಗೆ ಅಲೆದಾಗ ಯಾರೂ ನಮ್ಮ ಜಾತಿ ಕೇಳಲಿಲ್ಲ. ‘ವೆಜ್ಜಾ, ನಾನ್‌ವೆಜ್ಜಾ?’ ಅಂತ ಕೇಳಿದರು. ‘ಬಾಡು ತಿಂತೀವಿ’ ಅಂದೆವು. ಯಜಮಾನರು ಸಿಟ್ಟಾಗಲಿಲ್ಲ. ‘ತಪ್ಪು ತಿಳ್ಕೋಬೇಡಿ, ನಮ್ಮದು ಸಾತ್ವಿಕ ಮನೆ’ ಅಂದು ಗೇಟು ಹಾಕಿಕೊಂಡರು.

ಅವರಮ್ಮ ಸೊಪ್ಪಿನ ಹುಳಿ ಬಡಿಸಿದರು, ಅವರು ಉಂಡರು. ನಮ್ಮವ್ವ ತಲೆಕಾಲು ಸಾರು ಬಡಿಸಿದಳು, ನಾವು ಉಂಡೆವು. ಇದರಲ್ಲಿ ಅವರ ಸಾಧನೆಯೂ ಇಲ್ಲ, ನಮ್ಮ ಪಾಪವೂ ಇಲ್ಲ. ಆದರೆ ಅವರ ಅಭ್ಯಾಸಕ್ಕೆ ಸಂಸ್ಕೃತಿ, ಅಹಿಂಸೆ ಎಂಬ ದೊಡ್ಡ ಹೆಸರು ಬಂತು. ನಮ್ಮದು ಬರೀ ಚಟವಾಯಿತು. 2024ರ ಡಿಸೆಂಬರಿನಲ್ಲಿ ಮಂಡ್ಯದ 87ನೇ ಕನ್ನಡ ಸಾಹಿತ್ಯ ಸಮ್ಮೇಳನದ ನಿಯಮಗಳಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕಿನ ಸಾಲಿಗೇ ಸೇರಿಸಿದ್ದರಲ್ಲ!

ಯೋಚಿಸಿ ಮಾಂಸ ಬಿಟ್ಟವರೂ ಇದ್ದಾರೆ. ಅವರ ಕರುಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕರುಣೆಗೆ ಗೇಟು ಯಾಕೆ ಬೇಕು? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ, ಬೇಡವೆಂದ ಮಕ್ಕಳಿಗೆ ಬಾಳೆಹಣ್ಣು ಇದ್ದೇ ಇತ್ತು. ಆದರೂ ಕೆಲವು ಮಠಾಧೀಶರು ವಿರೋಧಿಸಿದರು. ಅಂದರೆ ಚಿಂತೆ ತಮ್ಮ ತಟ್ಟೆಯದಲ್ಲ, ಪಕ್ಕದ ಬಡಮಗುವಿನ ತಟ್ಟೆಯದು.

ನೀರು ಕುಡಿಯುವುದಕ್ಕಿಂತ ಸಾಮಾನ್ಯ ಅಭ್ಯಾಸ ಯಾವುದಿದೆ? 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯಲ್ಲಿ ಅಂಬೇಡ್ಕರರೂ ಸಾವಿರಾರು ದಲಿತರೂ ನೀರು ಕುಡಿದರು. ಸವರ್ಣೀಯರು ಆ ಕೆರೆಗೆ ಸಗಣಿ, ಗಂಜಲ ಸುರಿದು ‘ಶುದ್ಧಿ’ ಮಾಡಿದರು. ಬೊಗಸೆ ನೀರಿಗೆ ಸಿದ್ಧಾಂತ ಅಂಟಿಸಿದವರು ಬಾಯಾರಿದವರಲ್ಲ. ಕೆರೆಗೆ ಕಾವಲು ಕೂತವರು. ಕಾವಲಿರುವ ಕಡೆ ನೀರು ಕುಡಿಯುವುದೇ ಹೋರಾಟವಾಗುತ್ತದೆ.

ಹಾಗಂತ ನಾವೂ ಬೀಗಬಾರದು. ಬಾಡು ತಿಂದ ಮಾತ್ರಕ್ಕೆ ಬಂಡಾಯವಾದೀತೇ? ಆಹಾರದ ಹಕ್ಕಿನ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿ ಮನೆಗೆ ಬರುತ್ತೇವೆ. ಹೆಂಡತಿ ತುಂಡುಗಳನ್ನೆಲ್ಲ ನಮ್ಮ ತಟ್ಟೆಗೆ ಹಾಕಿ, ತಳದ ಸಾರು ಬಗ್ಗಿಸಿಕೊಂಡು ಉಣ್ಣುತ್ತಾಳೆ. ‘ಅವಳಿಗೆ ಅದೇ ಅಭ್ಯಾಸ’ ಅಂತೀವಿ. ಯಜಮಾನರ ‘ಸಂಪ್ರದಾಯ’ಕ್ಕೂ ನಮ್ಮ ‘ಅಭ್ಯಾಸ’ಕ್ಕೂ ಏನ್ರೀ ವ್ಯತ್ಯಾಸ?

ಊಟ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ನಮ್ಮ ಅಭ್ಯಾಸ ಯಾರ ಮುಖಕ್ಕೆ ಬಾಗಿಲು ಹಾಕಿತು, ಯಾರ ತಟ್ಟೆ ಬರಿದು ಮಾಡಿತು ಅನ್ನುವುದಷ್ಟೇ ಪ್ರಶ್ನೆ. ಆ ಗೇಟಿನ ಮುಂದೆ ನಿಂತು ಕೇಳಿದ ಪ್ರಶ್ನೆಯನ್ನೇ ಇವತ್ತು ರಾತ್ರಿ ನಮ್ಮ ಒಲೆಯ ಮುಂದೆಯೂ ಕೇಳಿಕೊಳ್ಳೋಣ.