ಬರೆದದ್ದರಿಂದ ಉಳಿದ ಹೆಸರುಗಳು

ಠಾಣೆಯಿಂದ ಮುಂಬಯಿಗೆ ಹೊರಟ ಸ್ಲೋ ಲೋಕಲ್ ಮುಲುಂಡ್ ದಾಟಿದರೆ ನಾಹೂರ್. ಕ್ರಿ.ಶ. 1026ರಲ್ಲಿ ಇದು ಸ್ಥಾನಕಕ್ಕೆ, ಅಂದರೆ ಠಾಣೆಗೆ ಸೇರಿದ ನೌರ ಎಂಬ ಹಳ್ಳಿ. ಉತ್ತರ ಕೊಂಕಣದ ಶಿಲಾಹಾರ ದೊರೆ ಛಿತ್ತರಾಜ ಇಲ್ಲಿನ ಒಂದು ಹೊಲವನ್ನು ದಾನ ಕೊಟ್ಟ. ಭಾಂಡುಪ್‌ನಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಆ ದಾನ ಹೊಲದ ಎಲ್ಲೆಕಟ್ಟು ಸಮೇತ ದಾಖಲಾಗಿದೆ.

ಶಾಸನ ಸಂಸ್ಕೃತದಲ್ಲಿದೆ. ಅಧಿಕಾರಿಗಳ ಹೆಸರು ಮಾತ್ರ ನಮ್ಮವು ಅನ್ನಿಸುತ್ತವೆ: ಮಹಾಮಾತ್ಯ ನಾಗಣೈಯ, ಸಂಧಿ-ಯುದ್ಧಗಳ ಮಂತ್ರಿಯಾದ ಸಂಧಿವಿಗ್ರಹಿ ಸೀಹಪೈಯ. ಕರ್ನಾಟಕದ ವ್ಯವಹಾರಕ್ಕೇ ಬೇರೊಬ್ಬ ಸಂಧಿವಿಗ್ರಹಿ. ಬರೆದವನು ಜೋಉಪೈಯ, ತಾನು ಮಹಾಕವಿ ನಾಗಲೈಯನ ಸೋದರನ ಮಗ ಎಂದು ಅಭಿಮಾನದಿಂದ ಹೇಳಿಕೊಂಡಿದ್ದಾನೆ. ಈ 'ಅಯ್ಯ'ಗಳಲ್ಲಿ ವಿದ್ವಾಂಸರು ಕನ್ನಡದ ನಂಟನ್ನು ಗುರುತಿಸಿದ್ದಾರೆ. ಈ ಅಧಿಕಾರಿಗಳು ಮನೆಯಲ್ಲಿ ಆಡಿದ ಮಾತು ಗಾಳಿಗೆ ಹೋಯಿತು. ತಾಮ್ರಕ್ಕೆ ಬಿದ್ದ ಹೆಸರುಗಳು ಸಾವಿರ ವರ್ಷ ಬಾಳಿದವು.

ಶಿಲಾಹಾರರ ಶಾಸನಗಳ ಕೊನೆಯಲ್ಲಿ ಬರುವ ಒಂದು ಒಕ್ಕಣೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇಲ್ಲಿ ಅಕ್ಷರ ಕಡಿಮೆಯಾಗಿರಲಿ, ಹೆಚ್ಚಾಗಿರಲಿ, ಎಲ್ಲವೂ ಪ್ರಮಾಣ ಎಂಬುದು ಅದರ ತಾತ್ಪರ್ಯ. ಆಡಿದವನು ಮರುದಿನ 'ನಾನು ಹಾಗೆ ಅನ್ನಲೇ ಇಲ್ಲ' ಎನ್ನಬಹುದು. ಬರೆದವನು ತನ್ನ ಕೈತಪ್ಪಿಗೂ ಹೊಣೆ ಹೊರುತ್ತಾನೆ.

ಇಂದು ಡೊಂಬಿವಲಿ, ಕಲ್ಯಾಣ, ವಾಶಿಯ ಕನ್ನಡ ಮನೆಗಳಲ್ಲಿ ಮಾತಿಗೆ ಬರವಿಲ್ಲ. ಕುಂದಾಪುರದ್ದು, ಧಾರವಾಡದ್ದು, ಕಲಬುರಗಿಯದು, ಎಲ್ಲ ಬಗೆಯ ಕನ್ನಡವೂ ಕಿವಿಗೆ ಬೀಳುತ್ತದೆ. ವಾಟ್ಸಾಪಿನಲ್ಲಿ ಊರಿಗೆ ದನಿಯೂ ಹೋಗುತ್ತದೆ. ಆದರೆ 'ಊಟ ಆಯ್ತಾ' ಎಂದು ಬರೆಯಬೇಕಾದರೆ ಮಕ್ಕಳು ಇಂಗ್ಲಿಷ್ ಅಕ್ಷರಕ್ಕೆ ಹೋಗುತ್ತಾರೆ. ಅವರನ್ನು ದೂರಲಾರೆ, ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷಿನ ಹೊರೆಯೇ ಸಾಕಷ್ಟಿದೆ. ಆದರೂ ದೇವನಾಗರಿ ಬಲ್ಲ ಮಗುವಿಗೆ ಕನ್ನಡ ಲಿಪಿ ದೂರದ್ದಲ್ಲ. ಕ, ಖ, ಗ, ಘ ಎಂಬ ಅದೇ ಸಾಲು, ಸ್ವರ ಸೇರುವ ಅದೇ ರೀತಿ. ಮರಾಠಿಯಿಂದ 'ಳ' ಆಗಲೇ ಬಂದಿರುತ್ತದೆ. ಹೊಸದಾಗಿ ಮನಸ್ಸಿಗೆ ಹತ್ತಬೇಕಾದದ್ದು ಹ್ರಸ್ವ ಎ, ಹ್ರಸ್ವ ಒ. ಉಳಿದದ್ದು ಕೈಯ ತಿರುವು. ಮೇ ತಿಂಗಳ ರಜೆ ಇದಕ್ಕೆ ಧಾರಾಳವಾಯಿತು.

ಅಕ್ಷರ ಕಲಿತ ಮಗುವಿಗೆ ಕಾಪಿ ಬರೆಸುವುದು ಬೇಡ. ಮನೆಯ ಹಿರಿಯರ ಎದುರು ನೋಟ್‌ಬುಕ್ ಕೊಟ್ಟು ಕೂರಿಸಿ. ಅಜ್ಜ ಯಾವ ವರ್ಷ ಮುಂಬಯಿಗೆ ಬಂದರು, ಮೊದಲು ಯಾವ ಹೋಟೆಲಿನಲ್ಲಿ ಕೆಲಸಕ್ಕೆ ನಿಂತರು, ರಾತ್ರಿಶಾಲೆಗೆ ಹೋದರೇ, ಕಲ್ಯಾಣದ ಮನೆ ಕೊಳ್ಳುವಾಗ ಕೈಗಡ ಕೊಟ್ಟವರು ಯಾರು ಎಂಬುದೆಲ್ಲ ಎಷ್ಟೋ ಮನೆಗಳಲ್ಲಿ ಇನ್ನೂ ಬಾಯಿಮಾತಿನಲ್ಲೇ ಇದೆ, ಹೇಳಬಲ್ಲವರಿಗೆ ಎಂಬತ್ತು ದಾಟಿದೆ.