ಹುಟ್ಟಿನಿಂದ ರಾಕ್ಷಸರು

ಈಗಿನ ಮಕ್ಕಳು ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಆಡುವ ಮಾಯಾಲೋಕದ ಆಟಗಳನ್ನು ನಾನು ಪಕ್ಕದಲ್ಲಿ ಕೂತು ನೋಡುವುದುಂಟು. ಅಲ್ಲೊಂದು ರಾಜ್ಯ, ಅದಕ್ಕೊಂದು ಭೂಪಟ, ಕೋಟೆ, ಕಂದಕ, ಕಾಡು. ಬೀದರದ ಕೋಟೆಯ ನೆರಳಿನಲ್ಲಿ ಬೆಳೆಯುವ ಹುಡುಗರಿಗೆ ಇದೆಲ್ಲ ಹೊಸದೇನಲ್ಲ. ಆ ಕಾಡಿನಲ್ಲಿ ಓರ್ಕ್, ಗಾಬ್ಲಿನ್ ಎಂದು ಕರೆಸಿಕೊಳ್ಳುವ ಕುರೂಪಿ ಜನ ಇರುತ್ತಾರೆ. ಕಂಡ ಕೂಡಲೇ ಅವರನ್ನು ಕೊಲ್ಲಬೇಕು. ಕೊಂದರೆ ಅಂಕ ಏರುತ್ತದೆ. ಅವರು ಮಾಡಿದ ತಪ್ಪೇನು ಎಂದು ಒಮ್ಮೆ ನಮ್ಮ ಮನೆಯ ಹುಡುಗನನ್ನು ಕೇಳಿದೆ. "ತಪ್ಪೇನಿಲ್ಲ, ಅವರು ಓರ್ಕ್‌ಗಳು" ಎಂದ.

ಈ ಉತ್ತರ ಹುಡುಗನದಲ್ಲ, ಆಟದ ನಿಯಮದ್ದು. ಇಂಥ ಆಟಗಳಿಗೆಲ್ಲ ಮೂಲಪುರುಷನಂತಿರುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಮೆರಿಕದಲ್ಲಿ 1974ರಲ್ಲಿ ಹೊರಬಂತು. 1977ರ ಅದರ ರಾಕ್ಷಸರ ಕೈಪಿಡಿಯಲ್ಲಿ ಒಂದೊಂದು ಕುಲದ ಗಾತ್ರ, ಬಲಗಳ ಜೊತೆಗೇ ಅದರ ಶೀಲವನ್ನೂ ಬರೆದಿಟ್ಟಿದ್ದರು. ಓರ್ಕ್‌ಗಳ ಮುಂದೆ ಬರೆದದ್ದು ದುಷ್ಟರು ಎಂದು. ಎತ್ತರ ಇಷ್ಟು, ತೂಕ ಇಷ್ಟು ಎನ್ನುವಂತೆಯೇ ಕೆಡುಕು ಇಷ್ಟು. ಓರ್ಕ್‌ಗಳನ್ನು ಕಥೆಯ ಲೋಕಕ್ಕೆ ತಂದ ಇಂಗ್ಲೆಂಡಿನ ಟೋಲ್ಕಿನ್ನರಿಗೇ, ಒಂದು ಇಡೀ ಜನಾಂಗ ತಿದ್ದಲಾರದಷ್ಟು ಕೆಟ್ಟದ್ದಾಗಿರಲು ಸಾಧ್ಯವೇ ಎಂಬ ಪ್ರಶ್ನೆ ಕೊನೆಯವರೆಗೂ ಕಾಡಿತ್ತು. ಆಟ ಕಟ್ಟಿದವರಿಗೆ ಆ ಕಾಟ ಇರಲಿಲ್ಲ.

ಆಟವೆಂದ ಮೇಲೆ ಎದುರಾಳಿ ಬೇಡವೇ ಎಂದು ಕೇಳಬಹುದು. ಬೇಕು. ನಮ್ಮ ಚದುರಂಗದಲ್ಲೂ ಚೌಕಾಬಾರದಲ್ಲೂ ಎದುರಾಳಿ ಇದ್ದಾನೆ. ಆದರೆ ಚದುರಂಗದ ಕಪ್ಪು ಕಾಯಿ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ. ಮುಂದಿನ ಆಟದಲ್ಲಿ ಅದೇ ನಮ್ಮ ಪಾಲಿಗೆ ಬರುತ್ತದೆ. ನಮ್ಮ ಪುರಾಣಗಳಲ್ಲಿ ರಾಕ್ಷಸರು ಇದ್ದಾರಲ್ಲ ಎಂದರೆ, ಇದ್ದಾರೆ. ಅವರ ಕುಲದಲ್ಲೇ ಪ್ರಹ್ಲಾದನಿದ್ದಾನೆ, ವಿಭೀಷಣನಿದ್ದಾನೆ, ದೀಪಾವಳಿಯಲ್ಲಿ ನಾವು ದೀಪವಿಟ್ಟು ಬರಮಾಡಿಕೊಳ್ಳುವ ಬಲಿಚಕ್ರವರ್ತಿ ಇದ್ದಾನೆ. ಎದುರಾಳಿ ಬೇರೆ, ಹುಟ್ಟುದುಷ್ಟ ಬೇರೆ. ಎದುರಾಳಿಯ ಜೊತೆ ಒಪ್ಪಂದ ಮಾಡಿಕೊಳ್ಳಬಹುದು, ಸೋತರೆ ಕೈಕುಲುಕಬಹುದು. ಹುಟ್ಟುದುಷ್ಟನ ವಿಷಯದಲ್ಲಿ ನ್ಯಾಯದ ಮಾತೇ ಏಳುವುದಿಲ್ಲ. ಅವನ ಮೇಲೆ ಏನು ಮಾಡಿದರೂ ಅದು ಅನ್ಯಾಯವಾಗದಂತೆ ನಿಯಮ ಮೊದಲೇ ನೋಡಿಕೊಂಡಿರುತ್ತದೆ.

ಇದು ಬರೀ ಆಟದ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇಂಥದೊಂದು ಕೈಪಿಡಿ ನಮ್ಮ ದೇಶದಲ್ಲಿ ನಿಜವಾಗಿಯೂ ಜಾರಿಯಲ್ಲಿತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿತು. ಅದರ ಹಿಂದಿನ ತರ್ಕ ಸರಳವಾಗಿತ್ತು: ಈ ದೇಶದಲ್ಲಿ ಬಡಗಿಯ ಮಗ ಬಡಗಿಯಾಗುತ್ತಾನೆ, ನೇಕಾರನ ಮಗ ನೇಕಾರ, ಹಾಗಾದರೆ ಕಳ್ಳನ ಮಗ ಕಳ್ಳನಾಗಲೇಬೇಕು. ನಮ್ಮ ಜಾತಿಯ ಲೆಕ್ಕವನ್ನೇ ತೆಗೆದುಕೊಂಡು ಅವರು ಕಾನೂನು ಬರೆದರು. ಮೊದಲು ಉತ್ತರದಲ್ಲಿ ಬಂದದ್ದು 1911ರ ಕಾಯ್ದೆಯಿಂದ ಮುಂಬಯಿ, ಮದ್ರಾಸ್ ಪ್ರಾಂತಗಳಿಗೂ ಹಬ್ಬಿತು. ನಿಜಾಮರ ಹೈದರಾಬಾದು ಸಂಸ್ಥಾನದಲ್ಲೂ ಇದೇ ಮಾದರಿಯ ಕಾನೂನಿತ್ತು. ಪಟ್ಟಿಯಲ್ಲಿ ಹೆಸರು ಬಿದ್ದ ಕುಲದವನು ಕದ್ದಿರಬೇಕೆಂದೇನೂ ಇರಲಿಲ್ಲ. ಠಾಣೆಯಲ್ಲಿ ಹೆಸರು ಬರೆಸಿ ಹಾಜರಿ ಕೊಡಬೇಕು, ಊರು ಬಿಡಲು ಪಾಸು ಪಡೆಯಬೇಕು. ಸೊಲ್ಲಾಪುರ, ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ಇಂಥವರನ್ನು ಕೂಡಿಡುವ ಸೆಟ್ಲ್‌ಮೆಂಟುಗಳು ಎದ್ದವು.

ಬೀದರದಿಂದ ಔರಾದದ ಕಡೆ ಹೋದರೆ ದಾರಿಯ ಎರಡೂ ಬದಿಗೆ ತಾಂಡಾಗಳು ಸಿಗುತ್ತವೆ. ಲಂಬಾಣಿಗರ ಹಿರಿಯರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ತಿರುಗಿದವರು. ದಖ್ಖನ್ನಿಗೆ ಬಂದ ಮೊಗಲರ ದಂಡಿಗೆ ಅನ್ನ ಮುಟ್ಟಿಸಿದವರೂ ಅವರೇ. ರೈಲು ಬಂತು, ಎತ್ತಿನ ಬೆನ್ನಿನ ವ್ಯಾಪಾರ ಮುರಿದುಬಿತ್ತು. ಇಂದು ಭಾಲ್ಕಿಯ ಮೇಲೆ ಹಾದು ಪರಳಿಗೆ ಹೋಗುವ ರೈಲನ್ನು ನೋಡುವಾಗ ಅದರ ಒಂದೊಂದು ಡಬ್ಬಿಯೂ ಎಷ್ಟು ಎತ್ತುಗಳ ಹೇರನ್ನು ಕಸಿದಿರಬೇಕು ಎಂದು ನನಗೆ ಅನ್ನಿಸುತ್ತದೆ. ಕೆಲಸ ಹೋದ ಮೇಲೂ ತಿರುಗಾಟ ಉಳಿಯಿತು. ನೆಲೆ ಇಲ್ಲದವನನ್ನು ಕಂಡರೆ ಕಂದಾಯದ ಸರ್ಕಾರಕ್ಕೆ ಸಂಶಯ. ಹಲವು ಪ್ರಾಂತಗಳ ಅಪರಾಧಿ ಪಟ್ಟಿಗಳಲ್ಲಿ ಲಂಬಾಣಿಗರೂ ಸೇರಿದರು. ನಿನ್ನೆ ಸೈನ್ಯಕ್ಕೆ ಅನ್ನ ಹೊತ್ತವರು ಇಂದು ಕೈಪಿಡಿಯ ರಾಕ್ಷಸರಾದರು.

ಸ್ವತಂತ್ರ ಭಾರತ 1952ರ ಆಗಸ್ಟ್ 31ರಂದು ಆ ಕಾಯ್ದೆಯನ್ನು ತೆಗೆದುಹಾಕಿತು. ಪಟ್ಟಿಯಲ್ಲಿದ್ದವರು ವಿಮುಕ್ತರೆನಿಸಿದರು. ಆದರೆ ಅದರ ಜಾಗದಲ್ಲಿ ರಾಜ್ಯ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಕುಲದ ಹೆಸರು ಹೋಯಿತು, ಠಾಣೆಯವರ ಕಣ್ಣು ಮಾತ್ರ ಹಳೆಯ ಮನೆಗಳ ಕಡೆಗೇ ತಿರುಗುತ್ತಿತ್ತು. ಜೈಲುಗಳ ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ಅಲೆಮಾರಿ ಮತ್ತು ವಿಮುಕ್ತ ಜನರನ್ನು ರೂಢಿಗತ ಅಪರಾಧಿಗಳೆಂದು ಎಣಿಸುವ ಸಾಲುಗಳು ಉಳಿದೇ ಇದ್ದವು. ಅವು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರ್ 3ರಂದು. ಅದಕ್ಕೆ ಕೆಲವೇ ದಿನ ಮೊದಲು, ಸೆಪ್ಟೆಂಬರಿನಲ್ಲಿ, ಆ ಅಮೆರಿಕದ ಆಟದ ಹೊಸ ಪುಸ್ತಕವೂ ಹೊರಬಂದು, 'ಜನಾಂಗ' ಎಂಬ ಮಾತನ್ನು ಕೈಬಿಟ್ಟಿತ್ತು. ಎರಡು ಕೈಪಿಡಿಗಳು ಒಂದೇ ಕಾಲಕ್ಕೆ ತಿದ್ದುಪಡಿಯಾದವು. ಆಟದ್ದಕ್ಕೆ ಐವತ್ತು ವರ್ಷ ಹಿಡಿಯಿತು. ನಮ್ಮದಕ್ಕೆ ಇನ್ನೂ ಹೆಚ್ಚು.

ಆಟಗಳಲ್ಲೂ ಸುಧಾರಣೆ ಆಗಿಲ್ಲವೆಂದಲ್ಲ. 'ವಾರ್‌ಕ್ರಾಫ್ಟ್' ಎಂಬ ಆಟ 1994ರಲ್ಲಿ ಬಂದಾಗ ಅದರ ಓರ್ಕ್‌ಗಳು ದಂಡೆತ್ತಿ ಬಂದ ಕ್ರೂರಿಗಳಷ್ಟೇ. 2002ರ ಮೂರನೆಯ ಕಂತಿಗೆ ಬರುವಷ್ಟರಲ್ಲಿ ಅವರಿಗೂ ಒಂದು ಚರಿತ್ರೆ ಬಂತು. ಯುದ್ಧದಲ್ಲಿ ಸೋತ ಅವರನ್ನು ಮನುಷ್ಯರು ಶಿಬಿರಗಳಲ್ಲಿ ಕೂಡಿಡುತ್ತಾರೆ. ಥ್ರಾಲ್ ಎಂಬವನು, ಹೆಸರಿಗೆ ತಕ್ಕಂತೆ ಗುಲಾಮನಾಗಿ ಬೆಳೆದವನು, ತಪ್ಪಿಸಿಕೊಂಡು ತನ್ನ ಜನರನ್ನು ಬಿಡಿಸುತ್ತಾನೆ. ಸೆಟ್ಲ್‌ಮೆಂಟುಗಳ ಕಥೆ ಗೊತ್ತಿರುವ ಸೀಮೆಯವರಿಗೆ ಇದು ತೀರ ಹತ್ತಿರದ್ದು.

ಆದರೂ ಹೆಚ್ಚಿನ ಆಟಗಳಲ್ಲಿ ನ್ಯಾಯ ಬೇರೆ ರೀತಿಯಲ್ಲಿ ನಡೆಯುತ್ತದೆ. ದಾಸ್ಯದಲ್ಲಿರುವ ಒಂದು ಜನ ಮೂಲೆಯಲ್ಲಿ ಕಾಯುತ್ತ ಕೂತಿರುತ್ತದೆ. ಎಲ್ಲಿಂದಲೋ ಬಂದ ವೀರ ಸರಪಳಿ ಕತ್ತರಿಸುತ್ತಾನೆ. ಅವರು ಕೈಮುಗಿಯುತ್ತಾರೆ, ಅವನಿಗೆ ಅಂಕ ಬರುತ್ತದೆ, ಅವನು ಮುಂದಕ್ಕೆ ಹೋಗುತ್ತಾನೆ. ಬಿಡುಗಡೆಯಾದವರು ಮರುದಿನ ಎಲ್ಲಿ ಮಲಗಿದರು, ಏನು ಉಂಡರು ಎಂಬುದು ಆಟಕ್ಕೆ ಬೇಡ. ಔರಾದದ ತಾಂಡಾಗಳಲ್ಲಿ ಮುಖ್ಯವಾದ ಮಾತು ಅದೇ. ತಲೆಮಾರುಗಟ್ಟಲೆ ಇದ್ದರೂ ಹಲವು ತಾಂಡಾಗಳು ಕಂದಾಯದ ನಕ್ಷೆಯಲ್ಲಿ ಊರೇ ಆಗಿರಲಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ, ಬೀದರವೂ ಸೇರಿದಂತೆ 5 ಜಿಲ್ಲೆಗಳ 50,000ಕ್ಕೂ ಹೆಚ್ಚು ಮಂದಿಗೆ ಹೊಸ ಕಂದಾಯ ಗ್ರಾಮಗಳ ಹಕ್ಕುಪತ್ರ ಕೊಡಲಾಯಿತು. ಕತ್ತಿ ಕುದುರೆ ಇಲ್ಲದ, ಬರೀ ಕಾಗದ ಮೊಹರುಗಳ ಈ ಕೆಲಸದಲ್ಲಿ ಯಾವ ವೀರನಿಗೂ ರುಚಿ ಇರಲಾರದು. ಮನೆಯ ಕೆಳಗಿನ ನೆಲ ತನ್ನದೆಂದು ಗೊತ್ತಾದವಳಿಗೆ ಅದರ ರುಚಿ ಗೊತ್ತು. ಇನ್ನೂ ಒಂದು ವಿಚಿತ್ರವಿದೆ. ಔರಾದದ ಗಡಿ ದಾಟಿದರೆ ಒಂದು ಕಡೆ ಮಹಾರಾಷ್ಟ್ರ, ಒಂದು ಕಡೆ ತೆಲಂಗಾಣ. ಒಂದೇ ಮಾತನಾಡುವ, ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತರುವ ಇದೇ ಜನ ಇಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಪಟ್ಟಿ ಮನುಷ್ಯನ ಸ್ವಭಾವವಲ್ಲ, ಯಾರೋ ಬರೆದ ಬರಹ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಾದರೆ ನೊಂದವರು ನಿಜವಾಗಿ ವೀರನಿಗಾಗಿ ಕಾಯುತ್ತಾರೆಯೇ? ನಮ್ಮ ಸೀಮೆಯ ಅನುಭವ ಹಾಗೆ ಹೇಳುವುದಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಶಾಲೆಗಳ ಭಾಷೆ ಉರ್ದುವಾಗಿದ್ದಾಗ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ನಿಯಮ ಬದಲಾಗುವವರೆಗೆ ಅವರು ಕಾಯಲಿಲ್ಲ. ನಮಗೆ ಹೊಂದಿದ ಲಾತೂರು ಜಿಲ್ಲೆಯಲ್ಲಿ, ಕಳ್ಳರೆಂದು ಮುದ್ರೆ ಬಿದ್ದ ಉಚಲ್ಯಾ ಸಮುದಾಯದಲ್ಲಿ ಹುಟ್ಟಿದ ಲಕ್ಷ್ಮಣ ಗಾಯಕವಾಡರು 1987ರಲ್ಲಿ ಮರಾಠಿಯಲ್ಲಿ ತಮ್ಮ ಬದುಕನ್ನು ತಾವೇ ಬರೆದರು. ಬೈಗುಳವಾಗಿದ್ದ ಕುಲದ ಹೆಸರನ್ನೇ ಪುಸ್ತಕಕ್ಕಿಟ್ಟರು. ಕನ್ನಡದಲ್ಲಿ ತಾಂಡಾದ ಬದುಕನ್ನು ತಾಂಡಾದಲ್ಲೇ ಹುಟ್ಟಿದ ಬಿ.ಟಿ. ಲಲಿತಾ ನಾಯಕರು ಬರೆದರು. ಕೈಪಿಡಿಯಲ್ಲಿ ಹೆಸರಿದ್ದವರು ಕೈಪಿಡಿ ಬರೆಯಲು ಕೂತಾಗ ನ್ಯಾಯ ಶುರುವಾಗುತ್ತದೆ ಎಂದು ನಾನು ನಂಬುತ್ತೇನೆ. ಅಲ್ಲಿಯವರೆಗೆ ನಡೆಯುವುದು ಹೆಚ್ಚೆಂದರೆ ದಯೆ.

ದಯೆ ಕೆಟ್ಟದ್ದಲ್ಲ. ಆದರೆ ದಯೆ ತೋರಿಸುವವನು ಮೇಲೆಯೇ ಉಳಿಯುತ್ತಾನೆ. ಈ ಭೇದವನ್ನು ನನಗೆ ತಿಳಿಸಿದ್ದು ಬೀದರದವನೇ ಆದ ಒಬ್ಬ ಕ್ಷೌರಿಕ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರೆಂದು ಕೇಳಿದಾಗ ಮುಂದೆ ಬಂದ ಐವರಲ್ಲಿ ಬೀದರದ ಸಾಹಿಬ್ ಸಿಂಗನೂ ಒಬ್ಬನೆಂದು ಸಿಖ್ಖರ ಪರಂಪರೆ ಹೇಳುತ್ತದೆ. ಗುರು ಆ ಐವರಿಗೆ ಅಮೃತ ಕೊಟ್ಟರು. ಅಲ್ಲಿಗೇ ಮುಗಿದಿದ್ದರೆ ಅದು ವೀರನೊಬ್ಬ ಕೆಳಗಿನವರನ್ನು ಮೇಲೆತ್ತಿದ ಕಥೆಯಾಗುತ್ತಿತ್ತು. ಆಮೇಲೆ ಗುರು ಅವರ ಮುಂದೆ ನಿಂತು, ಅದೇ ಅಮೃತವನ್ನು ಅವರ ಕೈಯಿಂದ ತಾವೂ ಬೇಡಿ ಪಡೆದರು. ನಾನಕ್ ಝೀರಾಕ್ಕೆ ಬರುವ ಯಾತ್ರಿಕರಿಗೆ ಈ ಕಥೆ ಗೊತ್ತು. ನಮ್ಮ ಊರಿನ ಮಕ್ಕಳಿಗೂ ಗೊತ್ತಾಗಬೇಕು. ಇಂಥ ತಿರುವು ಇರುವ ಆಟವೊಂದನ್ನು ಅವರಲ್ಲೇ ಯಾರಾದರೂ, ಸಾಧ್ಯವಾದರೆ ಔರಾದದ ತಾಂಡಾದ ಹುಡುಗಿಯೊಬ್ಬಳು, ಕಟ್ಟಲಿ ಎಂಬುದು ನನ್ನ ಆಸೆ.